ತಂಬಿಟ್ಟಿಗೆ ಪಾಕದ ಹಟ ಬೇಡ

ನಾಗರಪಂಚಮಿಯ ತಂಬಿಟ್ಟು ಕಲ್ಲಾಯಿತೆಂದರೆ ಹಿಟ್ಟನ್ನು ದೂರಬೇಡಿ, ಪಾಕವನ್ನು ನೋಡಿ. ಹುರಿಗಡಲೆ ಮೊದಲೇ ಹುರಿದದ್ದು. ಪುಡಿಮಾಡಿ ಜರಡಿ ಹಿಡಿದರಾಯಿತು, ಬೇಯಿಸುವ ಮಾತಿಲ್ಲ. ಒಲೆ ಬೇಕಿರುವುದು ಬೆಲ್ಲ ಕರಗಲು ಮಾತ್ರ. ಕುದಿದಷ್ಟೂ ನೀರು ಆರಿ, ತಣಿದ ಮೇಲೆ ಪಾಕ ಬಿಗಿಯುತ್ತದೆ. ಚಿಕ್ಕಿಗೆ ಆ ಬಿಗಿ ಬೇಕು, ತಂಬಿಟ್ಟಿಗೆ ಬೇಡ. ಬೆರಳಿಗೆ ಅಂಟಂಟಾದಾಗ, ಎಳೆ ಬರುವ ಮುನ್ನವೇ ಇಳಿಸಿ ಶೋಧಿಸಿ (ಬೆಲ್ಲವನ್ನು ನಂಬಬೇಡಿ, ಮರಳಿರುತ್ತದೆ). ಎಳೆಪಾಕವಿಲ್ಲದ ಉಂಡೆ ಬಹುದಿನ ಬಾಳದು ಎನ್ನುವವರುಂಟು. ನಿಜವೇ. ಆದರೆ ಹಬ್ಬದ ತಂಬಿಟ್ಟು ತಿಂಗಳುಗಟ್ಟಲೆ ಡಬ್ಬಿಯಲ್ಲಿಡುವ ತಿಂಡಿಯಲ್ಲ; ಅಜ್ಜಿಯ ಹಲ್ಲಿಗೂ ಮಗುವಿನ ಹಲ್ಲಿಗೂ ಒಗ್ಗಬೇಕಾದದ್ದು. ಕೊಬ್ಬರಿ, ಹುರಿದ ಎಳ್ಳು, ಏಲಕ್ಕಿ, ತುಪ್ಪ ಬೆರೆಸಿ, ಹಿಟ್ಟನ್ನು ಸ್ವಲ್ಪಸ್ವಲ್ಪವೇ ಉದುರಿಸಿ. ಕಲಸಿದ್ದು ಕೊಂಚ ಸಡಿಲವಿದ್ದಾಗಲೇ ನಿಲ್ಲಿಸಿ. ಆರುತ್ತ ಹಿಟ್ಟು ತೇವ ಹೀರಿ ತಾನೇ ಉಂಡೆಗೆ ಬರುತ್ತದೆ.