ನೂರಕ್ಕೆ ನೂರರವತ್ತು

ಪೋಖರಾದಲ್ಲಿ ಕೆಲಸಕ್ಕೆ ಸೇರಿದವರು ಮೊದಲು ಬಾಯಿಪಾಠ ಮಾಡಿಕೊಳ್ಳುತ್ತಿದ್ದುದು ಒಂದೇ ಲೆಕ್ಕ: ನೂರಕ್ಕೆ ನೂರರವತ್ತು. ಭಾರತದ ನೂರು ರೂಪಾಯಿ ಕೊಟ್ಟರೆ ನೇಪಾಳದ ನೂರರವತ್ತು. ಮಣಿಪಾಲದವರು 1994ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜು ತೆರೆದ ಮೇಲೆ ನಮ್ಮ ಕರಾವಳಿಯ ಕೆಲವರು ಅನ್ನಪೂರ್ಣ ಶಿಖರಗಳ ಬುಡದಲ್ಲಿ ಸಂಸಾರ ಹೂಡಿದರು. ಅವರಲ್ಲಿ ನಾನೂ ಒಬ್ಬ. ನನ್ನದು ಲೆಕ್ಕಪತ್ರದ ಕೆಲಸ. ದಿನ ಬೆಳಗಾದರೆ ಎರಡು ದೇಶಗಳ ರೂಪಾಯಿ. ಬ್ಯಾಂಕಿನವರ ಬಾಯಲ್ಲಿ ಭಾರತದ್ದು ಐಸಿ, ನೇಪಾಳದ್ದು ಎನ್‌ಸಿ, ನೇಪಾಳಿ ಪತ್ರಿಕೆಗಳಲ್ಲಿ ಭಾರು ಮತ್ತು ನೇರು.

ಆ ದರ ಕದಲಿದ್ದನ್ನು ನಾನು ನೋಡಲೇ ಇಲ್ಲ. 1993ರ ಫೆಬ್ರವರಿಯಲ್ಲಿ ನಿಗದಿಯಾದದ್ದು ಇವತ್ತಿಗೂ ಹಾಗೇ ಇದೆ. ಆದರೆ ಅದಕ್ಕೂ ಒಂದು ಏರುಪೇರಿನ ಚರಿತ್ರೆ ಇದೆಯೆಂದು ನನಗೆ ಮೊದಲು ಹೇಳಿದವರು ಭಾರತೀಯ ಸೇನೆಯ ಗೂರ್ಖಾ ಪಡೆಯಿಂದ ನಿವೃತ್ತರಾದ ನೆರೆಮನೆಯ ಹವಲ್ದಾರರು. ಕೇರಿಗೆಲ್ಲ ಅವರು ‘ಬಾಜೆ’, ಅಂದರೆ ಅಜ್ಜ. ಒಮ್ಮೆ ಮಾತಿಗೆ ಮಾತು ಬಂದು, “ಅರವತ್ತಾರರಲ್ಲಿ ನಿಮ್ಮ ಸರ್ಕಾರ ನನ್ನ ಪಿಂಚಣಿಯಲ್ಲಿ ಒಂದು ಪೈಸೆ ಕಡಿಮೆ ಮಾಡಲಿಲ್ಲ ಸಾರ್. ಆದರೂ ಮನೆಗೆ ಬಂದ ದುಡ್ಡು ಮೂರರಲ್ಲಿ ಎರಡು ಪಾಲೂ ಇರಲಿಲ್ಲ” ಎಂದರು.

ಹೇಗೆಂದು ಲೆಕ್ಕ ಹಾಕಿ ನೋಡಿದೆ. ನೇಪಾಳ ರಾಷ್ಟ್ರ ಬ್ಯಾಂಕ್ ಹುಟ್ಟಿದ್ದು 1956ರಲ್ಲಿ. ಅದಕ್ಕೆ ಮೊದಲು ನೇಪಾಳದ ದಕ್ಷಿಣದ ಬಯಲಾದ ತರಾಯಿಯ ಪೇಟೆಗಳಲ್ಲಿ ಭಾರತದ ರೂಪಾಯಿಯದೇ ಓಡಾಟ, ಎರಡರ ನಡುವಿನ ದರ ಪೇಟೆಯ ಮರ್ಜಿ. 1960ರಲ್ಲಿ ಬ್ಯಾಂಕು ನೂರಕ್ಕೆ 160 ಎಂದು ಗಟ್ಟಿ ಮಾಡಿತು. ಆಗ ಡಾಲರಿಗೆ ಭಾರತದ 4.76 ರೂಪಾಯಿ, ನೇಪಾಳದ 7.62. 1966ರ ಜೂನ್‌ನಲ್ಲಿ ಭಾರತ ತನ್ನ ರೂಪಾಯಿಯ ಮೌಲ್ಯ ಇಳಿಸಿತು, ಡಾಲರ್ 7.50 ರೂಪಾಯಿ ಆಯಿತು. ನೇಪಾಳ ತನ್ನದನ್ನು ಮುಟ್ಟಲಿಲ್ಲ. 7.62 ಅನ್ನು 7.50ರಿಂದ ಭಾಗಿಸಿದರೆ ಗುಟ್ಟು ಬಯಲು: ಭಾರತದ ನೂರು ರೂಪಾಯಿಗೆ ನೇಪಾಳದಲ್ಲಿ ನೂರಒಂದೂವರೆಯಷ್ಟೇ. 1967ರ ಕೊನೆಗೆ ನೇಪಾಳವೂ ಇಳಿಸಿತು, ಡಾಲರಿಗೆ 10.125, ಹಾಗಾಗಿ ನೂರಕ್ಕೆ 135. ಬಾಜೆಯ ಮನೆಗೆ ಸ್ವಲ್ಪ ಉಸಿರು ಬಂತು. ನೇಪಾಳ 1985ರಲ್ಲಿ ಇನ್ನೊಮ್ಮೆ ಇಳಿಸಿದಾಗ ದರ 170ರವರೆಗೂ ಹೋಯಿತು. 1991ರ ಜುಲೈನಲ್ಲಿ ಭಾರತ ಇಳಿಸಿದ ಬೆನ್ನಿಗೇ ನೇಪಾಳವೂ ಇಳಿಸಿ 165ಕ್ಕೆ ನಿಂತಿತು. 1993ರಲ್ಲಿ ಮತ್ತೆ 160.

ಇದರಿಂದ ನಾನು ಕಲಿತ ಮೊದಲ ಪಾಠ: ಇಂಥ ಎರಡು ದೇಶಗಳ ನಾಣ್ಯದ ನಡುವಿನ ಹಳೆಯ ದರ ಬೇಕಾದರೆ ಮೂರನೆಯವನನ್ನೂ ವಿಚಾರಿಸಬೇಕು. ಡಾಲರಿನ ಎದುರು ಎರಡೂ ಎಲ್ಲಿದ್ದವು ಎಂದು ಗೊತ್ತಾಗದೆ ಅವುಗಳ ನಂಟು ಅರ್ಥವಾಗುವುದಿಲ್ಲ. 1960ರ 160ರ ಹಿಂದೆ 7.62ರ ಡಾಲರ್ ಇತ್ತು. 1993ರ 160ರ ಹಿಂದೆ ಸುಮಾರು 50ರ ಡಾಲರ್. ಅಂಕಿ ಒಂದೇ, ಕಾಲ ಬೇರೆ.

ಎರಡನೆಯದು, ದರಕ್ಕೆ ದಿಕ್ಕಿದೆ. ಅಲ್ಲಿಗೆ ನೂರಕ್ಕೆ ಅರವತ್ತು ಹೆಚ್ಚಾದರೆ ಇಲ್ಲಿಗೆ ತರುವಾಗ ನೂರಕ್ಕೆ ಅರವತ್ತು ಕಡಿಮೆ ಎಂದು ಹೊಸಬರು ಲೆಕ್ಕ ಹಾಕುತ್ತಿದ್ದರು. ಹಾಗಲ್ಲ. ನೇಪಾಳದ ನೂರಕ್ಕೆ ನಮ್ಮ 62.50, ಕಡಿಮೆಯಾಗುವುದು ಮೂವತ್ತೇಳೂವರೆ. ಪಶುಪತಿನಾಥನ ದರ್ಶನಕ್ಕೆ ಬಂದಿದ್ದ ನಮ್ಮ ದೊಡ್ಡಪ್ಪ ನಾನು ವಿವರಿಸುವುದನ್ನು ಕೇಳಿ, “ಇದಕ್ಕೆಲ್ಲ ಕ್ಯಾಲ್ಕುಲೇಟರ್ ಯಾಕೆ ಮಾರಾಯ? ಅವರ ಒಂದು ರೂಪಾಯಿ ಅಂದ್ರೆ ನಮ್ಮ ಹತ್ತಾಣೆ” ಎಂದುಬಿಟ್ಟರು. ಹದಿನಾರಾಣೆಯಲ್ಲಿ ಹತ್ತಾಣೆ: ಸರಿಯಾಗಿ 0.625! 1966ರ ಕಥೆಯಲ್ಲೂ ಇದೇ ಗೊಂದಲ. ಡಾಲರಿನ ಬೆಲೆ ಶೇ 57.5 ಏರಿತು ಎಂದು ಒಬ್ಬರು, ರೂಪಾಯಿ ಶೇ 36.5 ಇಳಿಯಿತು ಎಂದು ಇನ್ನೊಬ್ಬರು ಬರೆಯುತ್ತಾರೆ. ಇಬ್ಬರೂ ಹೇಳುತ್ತಿರುವುದು ಒಂದೇ ಘಟನೆ.

ಮೂರನೆಯದನ್ನು ಕಲಿಸಿದ್ದು ಬ್ಯಾಂಕಿನ ಕೌಂಟರ್. ಬೋರ್ಡಿನ ಮೇಲೆ ದರ ಇದ್ದ ಮಾತ್ರಕ್ಕೆ ಆ ದರದಲ್ಲಿ ನೋಟು ಸಿಗುತ್ತದೆ ಎಂದಲ್ಲ. ಚಿಕಿತ್ಸೆಗೋ ಓದಿಗೋ ಭಾರತಕ್ಕೆ ಹೊರಟವರಿಗೆ ಐಸಿ ಸಿಗುತ್ತಿದ್ದುದು ಮಿತಿಯೊಳಗೆ. ಸಿಗದ ದಿನ ಹೊರಗೆ 160ಕ್ಕಿಂತ ಹೆಚ್ಚು ತೆರಬೇಕು. 2016ರ ನವೆಂಬರ್ 8ರ ನೋಟು ರದ್ದತಿಯ ಮೇಲೆ ಪರಿಸ್ಥಿತಿ ತಲೆಕೆಳಗಾಯಿತು. ನಾನಾಗ ಊರಿಗೆ ಮರಳಿದ್ದೆ. ಹಳೆಯ ಸಹೋದ್ಯೋಗಿಗಳು ಫೋನ್ ಮಾಡಿ, ಮನೆಯಲ್ಲಿರುವ ಐನೂರು, ಸಾವಿರದ ಭಾರತೀಯ ನೋಟುಗಳನ್ನು ಏನು ಮಾಡುವುದೆಂದು ಕೇಳುತ್ತಿದ್ದರು. ನೇಪಾಳದಲ್ಲಿ ಉಳಿದ ಆ ನೋಟುಗಳ ವಿಚಾರ ವರ್ಷಗಳು ಕಳೆದರೂ ಇತ್ಯರ್ಥವಾಗಲಿಲ್ಲ. ಆಗಲೂ ಅಧಿಕೃತ ದರ ನೂರಕ್ಕೆ ನೂರರವತ್ತೇ. ಹಳೆಯ ದರಪಟ್ಟಿ ಓದುವಾಗ, ಆ ದರ ಯಾರಿಗೆ, ಎಷ್ಟರ ಮಟ್ಟಿಗೆ ಸಿಗುತ್ತಿತ್ತು ಎಂದು ನಾನು ಕೇಳಿಕೊಳ್ಳುವುದು ಇದಕ್ಕೇ.

ನಾಲ್ಕನೆಯದು, ಕಟ್ಟಿಹಾಕಿದ ದರಕ್ಕೂ ಖರ್ಚಿದೆ. ನೇಪಾಳದ ವ್ಯಾಪಾರದ ಬಹುಪಾಲು ಭಾರತದ ಜೊತೆಗೇ, ಗಡಿಯೂ ಮುಕ್ತ. ಹಾಗಿರುವಾಗ ದರ ದಿನವೂ ಕುಣಿಯದಿರುವುದು ವ್ಯಾಪಾರಿಗೆ ನೆಮ್ಮದಿ. ಆದರೆ ಆ ನೆಮ್ಮದಿಗಾಗಿ ರಾಷ್ಟ್ರ ಬ್ಯಾಂಕು ಡಾಲರ್ ಮಾರಿ ಭಾರತದ ರೂಪಾಯಿ ಕೊಳ್ಳುತ್ತಿರಬೇಕು. ಜೋಡೆತ್ತಿನಲ್ಲಿ ಒಂದು ಮುಗ್ಗರಿಸಿದರೆ ಇನ್ನೊಂದರ ಕೊರಳೂ ಬಾಗಿದಂತೆ, 2013ರ ಆಗಸ್ಟ್‌ನಲ್ಲಿ ಡಾಲರಿನ ಎದುರು ನಮ್ಮ ರೂಪಾಯಿ 68 ದಾಟಿ ಕುಸಿದಾಗ ನೇಪಾಳದ್ದೂ 110ರ ಹತ್ತಿರಕ್ಕೆ ಹೋಯಿತು. ಕಠ್ಮಂಡುವಿನಲ್ಲಿ ಯಾರೂ ಏನೂ ತೀರ್ಮಾನ ಮಾಡಿರಲಿಲ್ಲ. ಕೊಲ್ಲಿಯಲ್ಲಿ, ಮಲೇಷ್ಯಾದಲ್ಲಿ ದುಡಿಯುವವರ ಮನೆಗಳಿಗೆ ಅದರಿಂದ ಲಾಭ, ಪೆಟ್ರೋಲ್ ಕೊಳ್ಳುವವರಿಗೆ ಹೊರೆ.

ಈ 160 ಅನ್ನು ಬದಲಿಸಬೇಕೇ ಎಂಬ ಚರ್ಚೆ ನೇಪಾಳದಲ್ಲಿ ಆಗಾಗ ಏಳುತ್ತದೆ. ಅದನ್ನು ಕೇಳಿದಾಗ ನಾನು ದೇಶದ ಬಲಾಬಲದ ಮಾತಿಗಿಂತ ಮನೆಗಳ ಲೆಕ್ಕ ಹಾಕುತ್ತೇನೆ. ನಾಳೆ ಅದು 170 ಆದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕಾವಲು ಕಾಯುವ ನೇಪಾಳಿ ತನ್ನ ಊರಿಗೆ ಕಳಿಸುವ ಪ್ರತಿ ಸಾವಿರಕ್ಕೆ ನೂರು ಹೆಚ್ಚು ಸೇರುತ್ತದೆ. ಅದೇ ಊರಿನಲ್ಲಿ ಭಾರತದ ಅಕ್ಕಿ, ಔಷಧಿ ಕೊಳ್ಳುವ ಪಕ್ಕದ ಮನೆಯವರು ನೂರರವತ್ತರ ಸಾಮಾನಿಗೆ ನೂರೆಪ್ಪತ್ತು ಕೊಡಬೇಕು. ದರ ಬದಲಾಯಿತೆಂದರೆ ಒಂದು ಮನೆಯ ದುಡ್ಡು ಇನ್ನೊಂದು ಮನೆಗೆ ಸರಿಯಿತು ಎಂದೇ ಅರ್ಥ. ಯಾರಿಂದ ಯಾರಿಗೆ ಎನ್ನುವುದನ್ನು ದರಪಟ್ಟಿ ಹೇಳುವುದಿಲ್ಲ, ನಾವೇ ವಿಚಾರಿಸಬೇಕು.