ಅರ್ಧಕ್ಕೆ ಬಿಟ್ಟ ಮನೋರೋಗ ಚಿಕಿತ್ಸೆ: ಮತ್ತೆ ಆರಂಭಿಸುವುದು ಹೇಗೆ?

ಮಲೇರಿಯಾ ಜ್ವರಕ್ಕೆ ವೈದ್ಯರು ಹೇಳಿದಷ್ಟು ದಿನ ಮಾತ್ರೆ ನುಂಗಿದರೆ ಮುಗಿಯಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ಹಾಗಲ್ಲ. ಅಲ್ಲಿ ಅಳತೆ ಸರಿಯಾಗಿದೆ ಎಂದರೆ ಮಾತ್ರೆ ತನ್ನ ಕೆಲಸ ಮಾಡುತ್ತಿದೆ ಎಂದರ್ಥವೇ ಹೊರತು ಕಾಯಿಲೆ ಬಿಟ್ಟುಹೋಯಿತು ಎಂದಲ್ಲ. ಸ್ಕಿಜೋಫ್ರೇನಿಯಾ ಎಂದು ಕರೆಯುವ ಚಿತ್ತವಿಕಲತೆ, ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ಕಾಯಿಲೆ, ಪದೇ ಪದೇ ಮರುಕಳಿಸುವ ಖಿನ್ನತೆ ಇವೆಲ್ಲ ಈ ಎರಡನೆಯ ಗುಂಪಿಗೆ ಸೇರಿದವು. ನಮ್ಮ ಜನ ಮಾತ್ರ ಇವನ್ನು ಜ್ವರದ ಸಾಲಿಗೆ ಸೇರಿಸುತ್ತಾರೆ. ನಿದ್ದೆ ಬಂತು, ಊಟ ಮಾಡಿದ, ಹೊಲಕ್ಕೆ ಹೋದ, ಇನ್ನೇಕೆ ಮಾತ್ರೆ ಎಂದು ನಿಲ್ಲಿಸಿಬಿಡುತ್ತಾರೆ.

ಇದು ನಮ್ಮ ಕಡೆಯವರ ಅಜ್ಞಾನವೆಂದು ಯಾರೂ ತಿಳಿಯಬೇಕಾಗಿಲ್ಲ. ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಔಷಧಿಯನ್ನು ಹೇಳಿದಂತೆ ತೆಗೆದುಕೊಳ್ಳುವವರು ಮುಂದುವರಿದ ದೇಶಗಳಲ್ಲೂ ಸುಮಾರು ಅರ್ಧದಷ್ಟು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿಯೇ ಹೇಳಿದೆ. ಚಿಕಿತ್ಸೆ ಬಿಡುವುದು ಸಾಮಾನ್ಯ ಸಂಗತಿ. ಬಿಟ್ಟವರು ಮತ್ತೆ ಬರುವುದೇ ಕಷ್ಟ. ಅದರ ಬಗ್ಗೆ ಈ ವಾರ ತಿಳಿಯೋಣ.

ಬಿಡುವುದೇಕೆ?

ಮಗನನ್ನು ಕರೆತಂದ ತಾಯಿಯೊಬ್ಬರು ಕೇಳುವ ಪ್ರಶ್ನೆ ಹೀಗಿರುತ್ತದೆ: "ಗುಳಿಗಿ ತಗೊಂಡಾಗ ಚಲೋ ಇದ್ದನ್ರಿ. ಬಿಟ್ಟ ಮ್ಯಾಲೂ ಮೂರು ತಿಂಗಳ ಚಲೋನ ಇದ್ದ. ಮತ್ತ ಗುಳಿಗಿಯಿಂದನ ಆರಾಮಾಗಿತ್ತು ಅಂತ ಹ್ಯಾಂಗ ಹೇಳೂದ್ರಿ?"

ಪ್ರಶ್ನೆ ನ್ಯಾಯವಾದದ್ದೇ. ಮಾತ್ರೆ ದೇಹದಿಂದ ಕೆಲವು ದಿನಗಳಲ್ಲಿ ಹೊರಟುಹೋಗುತ್ತದೆ. ಕಾಯಿಲೆ ಅಷ್ಟು ಬೇಗ ಹಿಂತಿರುಗುವುದಿಲ್ಲ. ಕೆಲವರಲ್ಲಿ ವಾರಗಳು, ಹಲವರಲ್ಲಿ ತಿಂಗಳುಗಳು ಬೇಕು. ಈ ನಡುವಿನ ಅವಧಿಯೇ ಮನೆಯವರಿಗೆ ತಪ್ಪು ಧೈರ್ಯ ಕೊಡುತ್ತದೆ. ಮೊದಲು ನಿದ್ದೆ ಕಡಿಮೆಯಾಗುತ್ತದೆ. ಆಮೇಲೆ ಸಿಡುಕು, ಒಬ್ಬನೇ ಕೂರುವುದು, ಸ್ನಾನ ತಪ್ಪಿಸುವುದು. ಸಂಶಯ, ಕಿವಿಯಲ್ಲಿ ಮಾತು ಕೇಳಿಸುವುದು ಕೊನೆಗೆ ಬರುತ್ತವೆ. ಅಷ್ಟರಲ್ಲಿ ಮಾತ್ರೆ ಬಿಟ್ಟದ್ದು ಮನೆಯವರಿಗೆ ಮರೆತೇ ಹೋಗಿ, ಹೊಲದ ಜಗಳದಿಂದಲೋ ಗಾಳಿ ಸೋಕಿದ್ದರಿಂದಲೋ ಹೀಗಾಯಿತು ಎಂಬ ಕಾರಣ ಸಿದ್ಧವಾಗಿರುತ್ತದೆ.

ಚಿತ್ತವಿಕಲತೆಯ ಔಷಧಿಗಳ ಬಗ್ಗೆ ನಡೆದ 65 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವರದಿಯೊಂದು 2012ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸುಮಾರು ಒಂದು ವರ್ಷದೊಳಗೆ, ಔಷಧಿ ಮುಂದುವರಿಸಿದ ನೂರು ಮಂದಿಯಲ್ಲಿ 27 ಜನರಿಗೆ ಕಾಯಿಲೆ ಮರುಕಳಿಸಿದರೆ, ಔಷಧಿ ನಿಲ್ಲಿಸಿ ಬರಿಯ ಹುಸಿಮಾತ್ರೆ ಪಡೆದ ನೂರು ಮಂದಿಯಲ್ಲಿ 64 ಜನರಿಗೆ ಮರುಕಳಿಸಿತ್ತು. ಮಾತ್ರೆ ತೆಗೆದುಕೊಂಡವರೆಲ್ಲ ಗುಣವಾಗಿಯೇ ಉಳಿದರು, ಬಿಟ್ಟವರೆಲ್ಲ ಕೆಟ್ಟರು ಎಂದು ಈ ಅಂಕಿಗಳು ಹೇಳುವುದಿಲ್ಲ. ವ್ಯತ್ಯಾಸ ಎಷ್ಟು ದೊಡ್ಡದೆಂದು ಹೇಳುತ್ತವೆ, ಅಷ್ಟೆ.

ಎರಡನೆಯ ಕಾರಣ ನಮ್ಮ ಭಾಗಕ್ಕೇ ಸೇರಿದ್ದು. ಅದು ಗುಳೆ. ಸಿರವಾರ, ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದರೆ ಮನೆಗೆ ಬೀಗ ಹಾಕಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುವವರು ಎಷ್ಟೋ ಮಂದಿ. ಚೀಟಿ ಊರಿನ ಗೂಡಿನಲ್ಲಿ, ರೋಗಿ ಬೆಂಗಳೂರಿನ ಶೆಡ್ಡಿನಲ್ಲಿ. ಒಂದು ತಿಂಗಳ ಮಾತ್ರೆ ಮುಗಿದ ಮೇಲೆ ಮೊಹರಂಗೋ ಊರ ಜಾತ್ರೆಗೋ ಬಂದಾಗ ನೋಡೋಣ ಎಂದುಕೊಳ್ಳುತ್ತಾರೆ. ಬಂದಾಗ ಇರುವುದು ನಾಲ್ಕೇ ದಿನ.

ಮೂರನೆಯದು ಅಡ್ಡಪರಿಣಾಮ. ಕೈ ನಡುಗುವುದು, ಮೈ ಬಿಗಿಯುವುದು, ಬೆಳಿಗ್ಗೆ ಏಳಲಾಗದ ಮಂಪರು, ತೂಕ ಏರುವುದು, ಇವನ್ನಾದರೂ ರೋಗಿ ಹೇಳಿಕೊಳ್ಳುತ್ತಾನೆ. ಗಂಡಸರಿಗೆ ಲೈಂಗಿಕ ಶಕ್ತಿ ಕುಗ್ಗುವುದು, ಹೆಂಗಸರಿಗೆ ಮುಟ್ಟು ನಿಲ್ಲುವುದು, ಇವನ್ನು ಹೇಳಿಕೊಳ್ಳುವುದಿಲ್ಲ. ಸುಮ್ಮನೆ ಮಾತ್ರೆ ಬಿಡುತ್ತಾರೆ. ವೈದ್ಯರ ಮೇಜಿನ ಮುಂದೆ ಹತ್ತು ಜನ ನಿಂತಿರುವಾಗ ಹೇಳಬೇಕೆಂದರೂ ಹೇಗೆ ಹೇಳಿಯಾರು? ಈ ತೊಂದರೆಗಳಲ್ಲಿ ಬಹುಪಾಲಿಗೆ ಪರಿಹಾರವಿದೆ. ಪ್ರಮಾಣ ತಗ್ಗಿಸಬಹುದು, ಹೊತ್ತು ಬದಲಿಸಬಹುದು, ಬೇರೆ ಔಷಧಿ ಕೊಡಬಹುದು. ಬಾಯಿಬಿಟ್ಟು ಹೇಳಲಾಗದಿದ್ದರೆ ಒಂದು ಕಾಗದದ ಮೇಲೆ ಬರೆದುಕೊಡಿ.

ಇನ್ನು ಮದುವೆ. ಮದುವೆ ಗೊತ್ತಾದ ಕೂಡಲೇ ಹುಡುಗಿಯ ಮಾತ್ರೆ ನಿಲ್ಲಿಸಿ, ಗಂಡನ ಮನೆಯವರಿಗೆ ತಿಳಿಯದಂತೆ ಕಳುಹಿಸುವುದನ್ನು ನಾನು ಇಷ್ಟು ವರ್ಷಗಳಲ್ಲಿ ಬಹಳ ಕಂಡಿದ್ದೇನೆ. ಹೊಸ ಮನೆ, ನಿದ್ದೆಗೆಟ್ಟ ರಾತ್ರಿಗಳು, ಬೇಗನೆ ಬಸಿರು, ಹೆರಿಗೆ, ಎಲ್ಲವೂ ಕಾಯಿಲೆ ಮರುಕಳಿಸಲು ಅನುಕೂಲವಾದವುಗಳೇ. ಬಸಿರಿನಲ್ಲಿ ಎಲ್ಲ ಮಾತ್ರೆಯೂ ವಿಷವೆಂಬುದು ನಿಜವಲ್ಲ. ವಾಲ್ಪ್ರೊಯೇಟ್‌ನಂಥ ಕೆಲವು ಔಷಧಿಗಳು ಭ್ರೂಣಕ್ಕೆ ಖಂಡಿತ ಅಪಾಯಕಾರಿ. ಬೇರೆ ಕೆಲವನ್ನು ವೈದ್ಯರ ನಿಗಾದಲ್ಲಿ ಮುಂದುವರಿಸಬಹುದು. ಆದ್ದರಿಂದ ಬಸಿರಾದ ಮೇಲೆ ಗಾಬರಿಯಿಂದ ಬಿಡುವುದಕ್ಕಿಂತ ಮದುವೆಗೆ ಮುಂಚೆಯೇ ಮನೋವೈದ್ಯರಲ್ಲಿ ವಿಚಾರಿಸುವುದು ಮೇಲು.

ದಾರಿಯ ದೂರ

ಮನೋರೋಗಿಗಳಿಗೆ ಊರ ಹತ್ತಿರವೇ ಔಷಧಿ ಸಿಗಬೇಕೆಂಬ ವಿಚಾರಕ್ಕೆ ನಮ್ಮ ನೆರೆಯ ಬಳ್ಳಾರಿಯೇ ಪ್ರಯೋಗಶಾಲೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಅಗತ್ಯವಾದ ಕೆಲವೇ ಔಷಧಿಗಳನ್ನು ಅಲ್ಲಿಯೇ ಒದಗಿಸುವ ಯೋಜನೆ ಆರಂಭಿಸಿತು. ಅದನ್ನೇ ಮಾದರಿಯಾಗಿಟ್ಟುಕೊಂಡು ಕೇಂದ್ರ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಜಾರಿಗೆ ತಂದಿತು. ನಮ್ಮ ರಾಜ್ಯದಲ್ಲಿ 2014ರಲ್ಲಿ ಬಂದ 'ಮನೋಚೈತನ್ಯ' ಕಾರ್ಯಕ್ರಮದ ಉದ್ದೇಶ, ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬಂದು ನೋಡುವುದು. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆಂದು ಆಸ್ಪತ್ರೆಯಲ್ಲಿ ಅಥವಾ ಊರಿನ ಆಶಾ ಕಾರ್ಯಕರ್ತೆಯಲ್ಲಿ ಮೊದಲೇ ಕೇಳಿ ತಿಳಿದುಕೊಳ್ಳಿ. ಅಲ್ಲಿ ಆಗದಿದ್ದರೆ ರಾಯಚೂರಿನ ರಿಮ್ಸ್ ಇದೆ. ಇನ್ನೂ ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇದೆ. 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾದ ಆ ಸಂಸ್ಥೆಗೆ ಈಗ ಜನ ಬೆಳಿಗ್ಗೆ ಹೋಗಿ ಚೀಟಿ ಮಾಡಿಸಿ, ಔಷಧಿ ಪಡೆದು ಸಂಜೆಗೆ ಹೊರಡುತ್ತಾರೆ. ಮನೋರೋಗ ಆಸ್ಪತ್ರೆ ಎಂದರೆ ಕೂಡಿಹಾಕುವ ಜಾಗವೆಂಬ ಭಯವನ್ನು ಇನ್ನಾದರೂ ಬಿಡಬೇಕು.

ಮಾನ್ವಿಯಿಂದ ಬೇರ್ಪಟ್ಟು ಸಿರವಾರವೂ ಈಗ ತಾಲ್ಲೂಕು ಕೇಂದ್ರವಾಗಿದೆ. ಆದರೂ ರಾಯಚೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ರೋಗಿಯ ಜೊತೆ ಇನ್ನೊಬ್ಬರು ಬಂದರೆ ಎರಡು ಕೂಲಿ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲವಾದ್ದರಿಂದ ತಾಯಂದಿರು ಮಕ್ಕಳ ಚೀಟಿ ಹಿಡಿದು ತಾವೇ ಔಷಧಿ ತರಲು ಹೋಗುವುದುಂಟು. ಒಳ್ಳೆಯದೇ. ಆದರೆ ರೋಗಿಯನ್ನು ನೋಡದೆ ಎಷ್ಟು ಸಲ ಅದೇ ಮಾತ್ರೆ ಕೊಡಲಾದೀತು? ನಡುನಡುವೆ ರೋಗಿಯನ್ನೂ ಕರೆದೊಯ್ಯಬೇಕು.

ಹಳೆಯ ಪಟ್ಟಿಯಿಂದ ಶುರುಮಾಡಬೇಡಿ

ಕಾಯಿಲೆ ಮತ್ತೆ ಕಾಣಿಸಿಕೊಂಡಾಗ ಮನೆಯವರು ಮೊದಲು ಮಾಡುವ ಕೆಲಸ ಕಪಾಟಿನಲ್ಲಿ ಉಳಿದಿದ್ದ ಹಳೆಯ ಮಾತ್ರೆ ಪಟ್ಟಿಯನ್ನು ಹುಡುಕಿ ತೆಗೆದು ಮೊದಲಿನಷ್ಟೇ ಕೊಡುವುದು. ಇದರಲ್ಲಿ ಅಪಾಯವಿದೆ. ಅನೇಕ ಔಷಧಿಗಳನ್ನು ಮೊದಲ ಸಲ ಸ್ವಲ್ಪ ಸ್ವಲ್ಪವಾಗಿ ಏರಿಸಿ ಆ ಮಟ್ಟಕ್ಕೆ ತಂದಿರುತ್ತಾರೆ. ದೇಹ ಆ ರೂಢಿಯನ್ನು ಬೇಗ ಮರೆಯುತ್ತದೆ. ಕ್ಲೋಜಪಿನ್ ಎರಡು ದಿನಕ್ಕಿಂತ ಹೆಚ್ಚು ತಪ್ಪಿದರೂ ಮತ್ತೆ 12.5 ಮಿಲಿಗ್ರಾಮಿನಿಂದಲೇ ಆರಂಭಿಸಬೇಕು. ಒಮ್ಮೆಗೇ ಹಳೆಯ ಪ್ರಮಾಣ ಕೊಟ್ಟರೆ ರಕ್ತದೊತ್ತಡ ಕುಸಿದು ರೋಗಿ ಬೀಳಬಹುದು. ಲ್ಯಾಮೊಟ್ರಿಜಿನ್ ಬಿಟ್ಟು ಒಂದು ವಾರವಾಗಿದ್ದರೆ ಅದನ್ನೂ ಕೆಳಗಿನಿಂದಲೇ ಏರಿಸಬೇಕು. ಇಲ್ಲವಾದರೆ ಚರ್ಮದ ಮೇಲೆ ತೀವ್ರವಾದ ಗುಳ್ಳೆಗಳೇಳುವ ಭಯವಿದೆ.

ಲಿಥಿಯಂ ಬಗ್ಗೆ ನಮ್ಮ ಬಿಸಿಲ ಸೀಮೆಯವರು ವಿಶೇಷವಾಗಿ ತಿಳಿದಿರಬೇಕು. ಇದು ಮೂತ್ರಪಿಂಡದ ಮೂಲಕ ಹೊರಹೋಗುವ ಲವಣ. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಬೆವರು ಸುರಿದು, ಅಥವಾ ವಾಂತಿ ಭೇದಿಯಾಗಿ, ದೇಹದ ನೀರು ಮತ್ತು ಉಪ್ಪು ಕಡಿಮೆಯಾದಾಗ ಲಿಥಿಯಂ ಹೊರಹೋಗದೆ ರಕ್ತದಲ್ಲಿ ಏರುತ್ತದೆ. ಮೈಕೈ ನೋವಿಗೆಂದು ಅಂಗಡಿಯಲ್ಲಿ ಕೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳೂ ಅದನ್ನು ಏರಿಸುತ್ತವೆ. ಕೈ ಜೋರಾಗಿ ನಡುಗುವುದು, ವಾಂತಿ, ತೂರಾಡುವ ನಡಿಗೆ, ತೊದಲುವ ಮಾತು ಕಂಡರೆ ಮಾತ್ರೆ ನಿಲ್ಲಿಸಿ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಲಿಥಿಯಂ ಮತ್ತೆ ಆರಂಭಿಸುವ ಮುನ್ನ ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆ, ಆರಂಭಿಸಿದ ಮೇಲೆ ರಕ್ತದಲ್ಲಿನ ಲಿಥಿಯಂ ಪ್ರಮಾಣದ ಪರೀಕ್ಷೆ ಅವಶ್ಯ. ಈ ಕೊನೆಯ ಪರೀಕ್ಷೆಗೆ ರಕ್ತ ಕೊಡುವುದು ಹಿಂದಿನ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ.

ಮೊದಲ ಭೇಟಿ

ಬೈಗುಳ ತಿನ್ನಬೇಕಾಗುತ್ತದೆಂಬ ಭಯದಿಂದಲೇ ಅನೇಕರು ಬರುವುದಿಲ್ಲ. ಬೈಯುವ ವೈದ್ಯರು ಇಲ್ಲವೆಂದು ನಾನು ಹೇಳಲಾರೆ. ಬೈಯುವುದರಿಂದ ಯಾವ ರೋಗಿಯೂ ಮಾತ್ರೆ ನುಂಗಿದ್ದನ್ನು ಮಾತ್ರ ಕಂಡಿಲ್ಲ. ನೀವಾಗಿಯೇ ಮೊದಲ ಮಾತಿಗೆ, "ಇಂಥ ಹಬ್ಬದ ಸುಮಾರಿಗೆ ಬಿಟ್ಟೆ, ಇಂಥ ಕಾರಣಕ್ಕೆ ಬಿಟ್ಟೆ" ಎಂದು ಹೇಳಿಬಿಡಿ. ತಪ್ಪದೆ ತೆಗೆದುಕೊಂಡಿದ್ದೇನೆ ಎಂದು ಸುಳ್ಳು ಹೇಳಿದರೆ, ಆ ಔಷಧಿ ನಾಟಲಿಲ್ಲವೆಂದು ತಿಳಿದು ವೈದ್ಯರು ಇನ್ನೂ ಬಲವಾದದ್ದನ್ನು ಬರೆದಾರು.

ಹಳೆಯ ಚೀಟಿ, ಖಾಲಿ ಪಟ್ಟಿಗಳು, ಈಗ ಬೇರೆ ಕಾಯಿಲೆಗೆ ನುಂಗುವ ಮಾತ್ರೆ, ನಾಟಿ ಔಷಧಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಕುಡಿತವಿದ್ದರೆ ಅದನ್ನೂ ಹೇಳಿ. ಚೀಟಿ ಕಳೆದಿದ್ದರೂ ಬನ್ನಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದೂ, ನಿಮ್ಮ ಚಿಕಿತ್ಸೆಯ ದಾಖಲೆಗಳನ್ನು ಕೇಳಿ ಪಡೆಯುವುದೂ, ಕಾಯಿಲೆಯ ವಿಷಯ ಗುಟ್ಟಾಗಿರುವುದೂ ನಿಮ್ಮ ಹಕ್ಕು. ನಡುವೆ ಬಿಟ್ಟಿರಿ ಎಂಬ ಕಾರಣಕ್ಕೆ ಈ ಹಕ್ಕು ಹೋಗುವುದಿಲ್ಲ.

ವೈದ್ಯರು ತೂಕ, ರಕ್ತದೊತ್ತಡ, ಸಕ್ಕರೆ ನೋಡುತ್ತಾರೆ. ಮೊದಲಿನ ಔಷಧಿಯನ್ನೇ ಕೊಡಬೇಕೆಂದೇನೂ ಇಲ್ಲ. ಮಾತ್ರೆ ಬಿಟ್ಟು ಬಹಳ ಕಾಲವಾಗಿ, ರೋಗಿ ನಿಜಕ್ಕೂ ಚೆನ್ನಾಗಿದ್ದರೆ, ಔಷಧಿ ಕೊಡದೆ ತಿಂಗಳಿಗೊಮ್ಮೆ ನೋಡುತ್ತ ಹೋಗುವುದೂ ಉಂಟು. ಆದ್ದರಿಂದ 'ಹೋದರೆ ಮತ್ತೆ ಗುಳಿಗಿ ಗಂಟು ಕೊಡ್ತಾರ' ಎಂಬ ಹೆದರಿಕೆಯಿಂದ ದೂರವಿರಬೇಡಿ. ದಿನವೂ ಮರೆಯುವವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಸೂಜಿಮದ್ದು ಇದೆ. ಗುಳೆ ಹೋಗುವವರು ಹೊರಡುವ ಮುಂಚೆ ಹೇಳಿದರೆ ಹೆಚ್ಚು ದಿನದ ಔಷಧಿಯನ್ನೂ, ಅಲ್ಲಿಯ ವೈದ್ಯರಿಗೆ ತೋರಿಸಲು ಒಂದು ಪತ್ರವನ್ನೂ ಪಡೆಯಬಹುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ಹೊರರೋಗಿ ವಿಭಾಗಕ್ಕೆ ಆ ಪತ್ರ ಹಿಡಿದೇ ಹೋಗಬಹುದು.

ಎಷ್ಟು ದಿನ ಎಂದು ಎಲ್ಲರೂ ಕೇಳುತ್ತಾರೆ. ಮೊದಲ ಸಲದ ಖಿನ್ನತೆಯಾದರೆ ಪೂರ್ತಿ ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು. ಮೊದಲ ಸಲದ ಚಿತ್ತವಿಕಲತೆಯಾದರೆ ಒಂದೆರಡು ವರ್ಷಕ್ಕೆ ಕಡಿಮೆಯಿಲ್ಲ. ಮರುಕಳಿಸಿದವರಿಗೆ ಇನ್ನೂ ದೀರ್ಘಕಾಲ. ನಿಲ್ಲಿಸುವಾಗಲೂ ವೈದ್ಯರೇ ಹಂತಹಂತವಾಗಿ ಇಳಿಸಬೇಕು. ನಿದ್ದೆ, ಆತಂಕಗಳಿಗೆ ಕೊಡುವ ಕೆಲವು ಮಾತ್ರೆಗಳನ್ನು ಬಹುಕಾಲ ನುಂಗಿ ಒಮ್ಮೆಗೇ ಬಿಟ್ಟರೆ ಫಿಟ್ಸ್ ಬರಬಹುದು.

ಮನೆಯವರಿಗೆ ಎರಡು ಮಾತು. ದರ್ಗಾಕ್ಕೆ, ದೇವಸ್ಥಾನಕ್ಕೆ ಹೋಗುವುದಕ್ಕೆ ನನ್ನ ಅಡ್ಡಿಯಿಲ್ಲ. ಮಾತ್ರೆ ಚೀಲದಲ್ಲಿರಲಿ. ಆದರೆ ಸಾರಿನಲ್ಲಿ ಮಾತ್ರೆ ಅರೆದು ಗುಟ್ಟಾಗಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ತನಗೆ ಯಾರೋ ವಿಷ ಹಾಕುತ್ತಿದ್ದಾರೆಂಬ ಸಂಶಯವೇ ಕಾಯಿಲೆಯ ಲಕ್ಷಣವಾಗಿರುವಾಗ, ಒಂದು ದಿನ ಅದು ಕಣ್ಣಿಗೆ ಬಿದ್ದರೆ ಅವನು ಮನೆಯ ಊಟವನ್ನೇ ಬಿಡುತ್ತಾನೆ. ಆಮೇಲೆ ಯಾರ ಮಾತನ್ನೂ ನಂಬುವುದಿಲ್ಲ. ರೋಗಿ ಬರಲು ಒಪ್ಪದಿದ್ದರೆ ಮನೆಯವರಾದರೂ ಹೋಗಿ ಕೇಳಬಹುದು, ಅಥವಾ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆ ಹಗಲು ರಾತ್ರಿ ಇರುತ್ತದೆ, ಕರೆಗೆ ಹಣವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.

ಮಂಗಳವಾರದವರೆಗೆ ಕಾಯಬಾರದ ಸಂದರ್ಭಗಳೂ ಇವೆ. ಸಾಯುವ ಮಾತಾಡುವುದು, ಎರಡು ಮೂರು ದಿನ ಊಟ ನೀರು ಬಿಡುವುದು, ಸತತವಾಗಿ ನಿದ್ದೆಯಿಲ್ಲದೆ ತಿರುಗುವುದು, ತನಗೆ ಅಥವಾ ಬೇರೆಯವರಿಗೆ ಹೊಡೆದುಕೊಳ್ಳಲು ಹೇಳುವ ಧ್ವನಿ ಕೇಳಿಸುವುದು, ಇವುಗಳಲ್ಲಿ ಯಾವುದಿದ್ದರೂ ಹತ್ತಿರದ ಆಸ್ಪತ್ರೆಗೆ ಆ ಹೊತ್ತೇ ಕರೆದೊಯ್ಯಿರಿ. ವಾಹನ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಅಲ್ಲಿಯವರೆಗೆ ಅವರನ್ನು ಒಬ್ಬರನ್ನೇ ಬಿಡಬೇಡಿ. ಹತ್ತಿ, ಭತ್ತ ಬೆಳೆಯುವ ನಮ್ಮ ಮನೆಗಳಲ್ಲಿ ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿ ಮಂಚದ ಕೆಳಗೇ ಇರುತ್ತದೆ. ಅದನ್ನು ಮೊದಲು ಬೇರೆಯವರ ಮನೆಗೆ ಸಾಗಿಸಿ ಬೀಗ ಹಾಕಿಸಿ, ಮಾತ್ರೆಗಳನ್ನೂ ಮನೆಯವರೊಬ್ಬರ ಕೈಯಲ್ಲಿಯೇ ಇಟ್ಟುಕೊಂಡು ಆಯಾ ಹೊತ್ತಿನದನ್ನು ಮಾತ್ರ ಕೊಡಿ.