ನೀರಿನಲ್ಲಿ ಕರಗಿದ ಔಷಧ, ಬೆಳಕಿನ ಶೋಧನೆ

ಶರದೃತುವಿನಲ್ಲಿ ಹಗಲು ಸೂರ್ಯನಿಂದ ಕಾಯ್ದು, ಇರುಳು ಚಂದ್ರನಿಂದ ತಣಿದ ನಿರ್ಮಲ ಜಲವನ್ನು ಚರಕಸಂಹಿತೆ ‘ಹಂಸೋದಕ’ವೆಂದು ಕರೆದಿದೆ. ಚರಕರ ಕಾಲದಲ್ಲಿ ಇಲ್ಲದಿದ್ದ ಕಲ್ಮಷವೊಂದು ಇಂದು ನೀರನ್ನು ಸೇರಿದೆ, ಅದು ಔಷಧವೇ.

ಹೈದರಾಬಾದಿನ ಸಮೀಪದ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ತ್ಯಾಜ್ಯವನ್ನು ಸಂಸ್ಕರಿಸಿ ಹೊರಬಿಡುತ್ತಿದ್ದ ನೀರನ್ನು ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷಿಸಿ, 2007ರಲ್ಲಿ ವರದಿ ಪ್ರಕಟಿಸಿದರು. ಅದರಲ್ಲಿ ಸಿಪ್ರೊಫ್ಲಾಕ್ಸಾಸಿನ್ ಎಂಬ ಪ್ರತಿಜೀವಕವು ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು. ಅದೇ ಗುಳಿಗೆಯನ್ನು ಸೇವಿಸಿದ ರೋಗಿಯ ರಕ್ತದಲ್ಲಿಯೂ ಅಷ್ಟು ಇರುವುದಿಲ್ಲ! ಇಂತಹ ನೀರಿನಲ್ಲಿ ಬದುಕುಳಿಯುವ ರೋಗಾಣುಗಳು ಆ ಔಷಧಕ್ಕೆ ಮಣಿಯದಂಥವು. ನಾಳೆ ಅವು ರೋಗಿಯ ದೇಹವನ್ನು ಹೊಕ್ಕರೆ ವೈದ್ಯನ ಕೈ ಬರಿದು. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ, ಈ ಔಷಧ ಉಳಿಯುತ್ತದೆ.

ಇಲ್ಲಿ ಬೆಳಕು ನೆರವಾಗಬಲ್ಲದು. ಬಿಳಿ ಬಣ್ಣಗಳಲ್ಲಿ ಬಳಸುವ ಟೈಟಾನಿಯಂ ಡೈಆಕ್ಸೈಡ್ ಪುಡಿಯ ಮೇಲೆ ನೇರಳಾತೀತ ಕಿರಣ ಬಿದ್ದಾಗ, ನೀರು ಮತ್ತು ಆಮ್ಲಜನಕದಿಂದ ಅತಿ ತೀಕ್ಷ್ಣವಾದ ಹೈಡ್ರಾಕ್ಸಿಲ್ ರಾಡಿಕಲ್‌ಗಳು ಹುಟ್ಟಿ ಔಷಧದ ಅಣುಗಳನ್ನು ತುಂಡರಿಸುತ್ತವೆ. ಪುಡಿ ತಾನು ವ್ಯಯವಾಗದು. ಆದ್ದರಿಂದಲೇ ಅದು ವೇಗವರ್ಧಕ. ಬೆಳಕಿನಲ್ಲಿ ಈ ವಸ್ತು ತೋರುವ ಶಕ್ತಿಯನ್ನು ಜಪಾನಿನ ಫುಜಿಷಿಮಾ ಮತ್ತು ಹೊಂಡಾ 1972ರಲ್ಲಿ ಜಗತ್ತಿಗೆ ತಿಳಿಸಿದರು. (ಹಂಸೋದಕವೂ ಇದೇ ಎಂದು ಹೇಳುವ ಸಾಹಸವನ್ನು ನಾನು ಮಾಡಲಾರೆ.)

ತೊಡಕುಗಳೂ ಉಂಟು. ಬಿಸಿಲಿನಲ್ಲಿ ನೇರಳಾತೀತದ ಪಾಲು ನೂರಕ್ಕೆ ಸುಮಾರು ಐದು ಮಾತ್ರ. ಕದಡಿದ ನೀರಿನೊಳಕ್ಕೆ ಬೆಳಕು ಇಳಿಯದು. ಕ್ರಿಯೆ ಅರ್ಧಕ್ಕೆ ನಿಂತರೆ, ಅಪಕ್ವ ಭಸ್ಮದಂತೆ, ಉಳಿದ ತುಣುಕುಗಳೂ ಅಪಾಯಕಾರಿಯಾಗಬಹುದು. ಆದಕಾರಣ ಇದು ಮನೆಯ ಹಂಡೆಯಲ್ಲಿ ಮಾಡುವ ಪ್ರಯೋಗವಲ್ಲ. ಕಾರ್ಖಾನೆ, ಆಸ್ಪತ್ರೆಗಳ ನೀರು ಹಳ್ಳವನ್ನು ಸೇರುವ ಮುನ್ನವೇ, ಬಲ್ಲವರ ನಿಗಾದಲ್ಲಿ ನಡೆಯಬೇಕಾದ ಶೋಧನೆ.